ಗಿರಣಿ ನಿಂತಾಗ

ಹೊಲಿಗೆಯವಳಿಗೆ ಆ ಊರಿನ ಮೇಲಿದ್ದ ತಾತ್ಸಾರಕ್ಕೆ ಕಾರಣಗಳು ಬೇಕಾದಷ್ಟಿದ್ದವು. ಒಬ್ಬೊಬ್ಬರ ಸೊಂಟದ ಅಳತೆಯೂ ಅವಳಿಗೆ ಬಾಯಿಪಾಠ. ನಾಲಿಗೆಯ ಅಳತೆ ತೆಗೆಯುವಷ್ಟು ಉದ್ದದ ಟೇಪು ಮಾತ್ರ ಅವಳ ಹತ್ತಿರ ಇರಲಿಲ್ಲ.

ಪೇಟೆಯಿಂದ ಅವಳಿಗೆ ಗುಂಡಿ, ದಾರ ಎಲ್ಲ ಬಸ್ಸಿನಲ್ಲಿ ಬರುತ್ತಿದ್ದವು. ಕಂಡಕ್ಟರ್ ಪೊಟ್ಟಣ ಕೊಡುತ್ತಿದ್ದ, ಅವಳು ಇಸಿದುಕೊಂಡು ಬರುತ್ತಿದ್ದಳು. ಅಷ್ಟೇ. ಊರಿಗೆ ಈ ‘ಅಷ್ಟೇ’ ಸಾಲಲಿಲ್ಲ. ಗಂಡನನ್ನು ಬಿಟ್ಟು ಬಂದ ಒಂಟಿ ಹೆಂಗಸು, ನಗುಮುಖದ ಕಂಡಕ್ಟರ್, ಇನ್ನೇನು ಬೇಕು? ಪೊಟ್ಟಣದಲ್ಲಿ ಸೆಂಟು ಇರುತ್ತದೆ ಎಂದು ಸಲೂನಿನಲ್ಲಿ ತೀರ್ಮಾನವಾಯಿತು. ಸೆಂಟಲ್ಲ, ಬಳೆ ಎಂದು ಹಾಲಿನ ಡೈರಿಯ ಮುಂದೆ ತಿದ್ದುಪಡಿಯಾಯಿತು. ಅಲ್ಲಾಡಿಸಿದರೆ ಗುಂಡಿಯ ಸದ್ದು ಕೇಳುತ್ತಿತ್ತು. ಆದರೆ ಆ ಊರಿನಲ್ಲಿ ಕಿವಿಗೆ ಕೆಲಸ ಕೊಟ್ಟವರೇ ಇಲ್ಲ, ಎಲ್ಲ ಬಾಯಿಯದೇ ದುಡಿಮೆ.

ಅವಳ ಅಂಗಡಿ ಇದ್ದದ್ದು ಜೇನಕ್ಕನ ಮನೆಯ ಮುಂಕೋಣೆಯಲ್ಲಿ. ಮಾತಿನಲ್ಲಿ ಜೇನು ಸುರಿಸುತ್ತಾಳೆಂದು ಬಂದ ಹೆಸರು ಅದು. ಒಂದು ಬೆಳಿಗ್ಗೆ ಜೇನಕ್ಕ ಬಂದು, ಕತ್ತರಿಸಿಟ್ಟ ಬಟ್ಟೆಯ ಮೇಲೆಯೇ ಕೂತು, ಇಲ್ಲದ ಕಣ್ಣೀರು ಒರೆಸಿಕೊಂಡಳು.

"ಜನ ಏನ್ ಬೇಕಾದ್ರೂ ಅಂದ್ಕೊಳ್ಲಿ ಕಣಮ್ಮ, ನಾನಂತೂ ನಂಬಲ್ಲ. ಆದ್ರೆ ನಮ್ಮೆಜಮಾನ್ರು ಮರ್ಯಾದೆ, ಮರ್ಯಾದೆ ಅಂತ ಕೂತಿದಾರೆ. ಈ ತಿಂಗಳು ಮುಗಿದ್ಮೇಲೆ ರೂಮು ಖಾಲಿ ಮಾಡ್ಬಿಡು."

ಆ ಕೋಣೆ ಹೋದರೆ ಹೊಲಿಗೆಯವಳ ಹೊಟ್ಟೆಪಾಡೂ ಹೋದಂತೆ. ಇಂಥ ಹೆಸರು ಹೊತ್ತವಳಿಗೆ ಇನ್ಯಾರು ಬಾಡಿಗೆಗೆ ಜಾಗ ಕೊಡುತ್ತಾರೆ? ಉಳಿಯುವುದು ಗಂಡನ ಮನೆಯ ಬಾಗಿಲು. ಅದನ್ನು ನೆನೆದರೇ ಅವಳ ಮೈ ಉರಿಯುತ್ತಿತ್ತು.

ಅದೇ ವಾರ ಅವಳು ಗೋಧಿ ಬೀಸಿಸಲು ಗಿರಣಿಗೆ ಹೋದಳು. ಗಿರಣಿ ಓಡುವಾಗ ಗುಟ್ಟನ್ನೂ ಕಿರುಚಿಯೇ ಹೇಳಬೇಕು. ಆ ಗದ್ದಲದಲ್ಲಿ ಪಕ್ಕದ ಕಿವಿ ಬಿಟ್ಟರೆ ಬೇರೆ ಕಿವಿಗೆ ಬೀಳುವುದಿಲ್ಲ. ಹಾಗಾಗಿ ಹೆಂಗಸರು, ಗಂಡಸರೂ ಅಷ್ಟೇ, ಹಿಟ್ಟಿಗಿಂತ ಹೆಚ್ಚು ಗುಟ್ಟು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು. ಮೂಟೆಗಳ ಹಿಂದೆ ಡಬ್ಬ ಹಿಡಿದು ಕೂತಿದ್ದ ಇವಳನ್ನು ನೋಡದೆ, ಜೇನಕ್ಕ ತನ್ನ ನಾದಿನಿಯ ಕಿವಿಗೆ ಬಾಯಿ ಹಚ್ಚಿ ಕಿರುಚತೊಡಗಿದಳು. ಆಗಲೇ ಕರೆಂಟು ಹೋಯಿತು. ಬೆಲ್ಟು ನಿಂತಿತು, ಕಲ್ಲು ಗೊರಗೊರ ಎಂದು ನಿಂತಿತು, ಜೇನಕ್ಕನ ಬಾಯಿ ನಿಲ್ಲಲಿಲ್ಲ.

"ಕಂಡಕ್ಟರ್ ಕಥೆ ಕಟ್ಟಿದ್ದೇ ನಾನು ಕಣೇ! ಇಲ್ದಿದ್ರೆ ಅವಳು ಜಾಗ ಬಿಡ್ತಿದ್ಲಾ? ನನ್ನ ತಮ್ಮನ ಮಗನಿಗೆ ಮೊಬೈಲ್ ಅಂಗಡಿ ಹಾಕ್ಕೊಡ್ಬೇಕಲ್ಲ!"

ಗಿರಣಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಹೊಲಿಗೆಯವಳು ಮೂಟೆಯ ಹಿಂದಿನಿಂದ ಎದ್ದು ನಿಂತಳು. ತಲೆಯ ಮೇಲೆಲ್ಲ ಹಿಟ್ಟು.

"ನಿಮ್ಮ ಬಾಯಿಂದಾನೇ ಬಂತಲ್ಲ ಅಕ್ಕ, ಸಾಕು," ಎಂದು ಬೀಸದ ಗೋಧಿಯನ್ನೇ ಎತ್ತಿಕೊಂಡು ನಡೆದಳು. ಇನ್ನು ತನ್ನ ಹೆಸರು ತೊಳೆದುಹೋಯಿತು ಎಂಬ ಖುಷಿಯಲ್ಲಿ ಅವಳ ಕಾಲು ನೆಲದ ಮೇಲಿರಲಿಲ್ಲ. ಊರನ್ನು ಅಷ್ಟು ಬಲ್ಲವಳು, ಆದರೂ ಪೆದ್ದಿ.

ಸಂಜೆಯ ಹೊತ್ತಿಗೆ ಸುದ್ದಿ ಹಬ್ಬಿತ್ತು: ಕಂಡಕ್ಟರನಿಗಾಗಿ ಹೊಲಿಗೆಯವಳೂ ಜೇನಕ್ಕನೂ ಗಿರಣಿಯಲ್ಲಿ ಜುಟ್ಟು ಹಿಡಿದು ಹೊಡೆದಾಡಿದರಂತೆ! ಹೇಳಿದವರು ಬೇರೆ ಯಾರೂ ಅಲ್ಲ, ಕಿವಿಯಾರೆ ಕೇಳಿದವರೇ. ಮೊಬೈಲ್ ಅಂಗಡಿಯ ಸತ್ಯ ತೀರಾ ಸಪ್ಪೆ. ಸಪ್ಪೆಯದನ್ನು ಆ ಊರು ಬಾಯಿಗೇ ಇಡುತ್ತಿರಲಿಲ್ಲ. ಥೂ! ಕಂಡಕ್ಟರನಿಗೆ ಇದ್ಯಾವುದರ ಗೊಡವೆಯೂ ಇಲ್ಲ, ಅವನಿಗೆ ಚಿಲ್ಲರೆಯದೇ ಚಿಂತೆ. ಪಾಪ, ಮರುದಿನದಿಂದ ಜೇನಕ್ಕನ ಯಜಮಾನರು ಬಸ್ ನಿಲ್ದಾಣದಲ್ಲಿ ನಿಂತು ತನ್ನನ್ನೇಕೆ ದುರುಗುಟ್ಟಿ ನೋಡುತ್ತಾರೆಂದೂ ಅವನಿಗೆ ತಿಳಿಯಲಿಲ್ಲ.

ಜೇನಕ್ಕ ಮತ್ತೆ ಬಂದಳು. ಈ ಸಲ ಕಣ್ಣೀರು ನಿಜವಾದದ್ದು.

"ನೀನಾದ್ರೂ ಒಂದ್ಮಾತು ಹೇಳೇ ತಾಯಿ. ಮನೆಯವ್ರು ನನ್ನ ಜೊತೆ ಮಾತೇ ಬಿಟ್ಟಿದಾರೆ."

"ರೂಮು ಯಾವತ್ತು ಖಾಲಿ ಮಾಡ್ಲಿ ಅಕ್ಕ?"

"ಅಯ್ಯೋ, ಬೇಡ ಬೇಡ! ಈಗ ನಿನ್ನ ಕಳಿಸಿದ್ರೆ ಹೊಟ್ಟೆಕಿಚ್ಚಿಗೆ ಓಡಿಸಿದ್ಲು ಅಂತಾರೆ. ನೀನು ಇಲ್ಲೇ ಇರ್ಬೇಕು."

ಹೊಲಿಗೆಯವಳು ನಿಧಾನವಾಗಿ ಸೂಜಿಗೆ ದಾರ ಪೋಣಿಸಿದಳು. ಹೇಳಿದರೆ ಕೇಳುವ ಊರಲ್ಲ ಅದು. ಕೇಳುವ ಊರಾಗಿದ್ದರೂ ಹೇಳುವ ಮನಸ್ಸು ಅವಳಿಗಿರಲಿಲ್ಲ.

"ಜನ ಏನ್ ಬೇಕಾದ್ರೂ ಅಂದ್ಕೊಳ್ಲಿ ಬಿಡಿ ಅಕ್ಕ," ಎಂದಳು. "ನಾನಂತೂ ನಂಬಲ್ಲ."

ಮತ್ತೆ ಮೆಷಿನ್ ತುಳಿಯತೊಡಗಿದಳು.