ಬೊಳ್ಳಮ್ಮನ ಎರಡನೆಯ ಮುಸುಕು

ಐವತ್ತನಾಲ್ಕು ತುಂಬಿ, ಏಳು ಮೊಮ್ಮಕ್ಕಳ ಅಜ್ಜಿಯಾದ ಮೇಲೆ ಬೊಳ್ಳಮ್ಮನಿಗೆ ಮತ್ತೊಮ್ಮೆ ಮದುವಣಗಿತ್ತಿಯ ಕೆಂಪು ಮುಸುಕು ಹೊದೆಯುವ ಯೋಗ ಬಂತು. ಗಂಡ ಬದಲಾಗಿರಲಿಲ್ಲ ಬಿಡಿ. ಅದೇ ಉತ್ತಯ್ಯ, ಅದೇ ಬೋಳುತಲೆ, ಮಧ್ಯಾಹ್ನ ಊಟವಾದೊಡನೆ ಅದೇ ಗೊರಕೆ.

ಆದದ್ದಿಷ್ಟು. ಹತ್ತು ಮಕ್ಕಳನ್ನು ಹೆತ್ತು, ಹತ್ತನ್ನೂ ಉಳಿಸಿಕೊಂಡ ತಾಯಿಯನ್ನು ಮುಕ್ಕಾಲಿ ಪೀಠದ ಮೇಲೆ ಕೂರಿಸಿ, ಮುಸುಕು ಹೊದಿಸಿ, ಮದುವೆಯ ಹೆಣ್ಣಿಗೆ ಮಾಡುವ ಹಾಗೆಯೇ ಅಕ್ಕಿ ಹಾಕಿ ಹಾಲು ಕುಡಿಸಿ ಮಂಗಲ ಮಾಡುವುದು ಕೊಡವರ ಹಳೆಯ ಪದ್ಧತಿ. ಶ್ರೀಮಂಗಲದ ಹತ್ತಿರದ ಅವರ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಎರಡು ತಲೆಮಾರಿನಿಂದ ಅಂಥ ಮಂಗಲ ನಡೆದಿರಲಿಲ್ಲ. ಹತ್ತು ಹೆತ್ತವರು ಇದ್ದರು; ಹತ್ತನ್ನೂ ಚಳಿಜ್ವರದ ಬಾಯಿಂದ ಉಳಿಸಿಕೊಂಡವರು ಇರಲಿಲ್ಲ. ಕೊಡಗಿಗೆ ಮಡಿಕೇರಿಯಲ್ಲೇ ತನ್ನದೊಂದು ಸರಕಾರ ಬಂದು ಎರಡು ವರ್ಷವಾಗಿತ್ತು. ಆ ಸಲ ಹೊಸ ಅಕ್ಕಿಯ ಪುತ್ತರಿ ಹಬ್ಬಕ್ಕೆ ಎಲ್ಲರೂ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದ್ದಾಗ ಒಕ್ಕದ ಯಜಮಾನ, ಉತ್ತಯ್ಯನ ಅಣ್ಣ ಬೆಳ್ಳಿಯಪ್ಪ, ಎಲೆಯ ಮುಂದೆ ಸಾಲಾಗಿ ಕೂತ ತಮ್ಮನ ಮಕ್ಕಳನ್ನು ಬೆರಳು ಮಡಿಸಿ ಎಣಿಸಿದರು.

“ಏ ಉತ್ತಯ್ಯ, ಹತ್ತುಂಟಲ್ಲ ಮಾರಾಯ! ನಾವು ಬಾಯಿ ಮುಚ್ಚಿ ಕೂತಿದ್ದೇವಲ್ಲ ಇಷ್ಟು ದಿನ!”

ಉತ್ತಯ್ಯನೂ ಎಣಿಸಿದ. ಹತ್ತೇ. ಬೊಳ್ಳಮ್ಮನೂ ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡೇ ಎಣಿಸಿದಳು. ಹತ್ತೇ! ಅಲ್ಲೇ ನಡುಮನೆಯ ತೂಗುದೀಪದ ಮುಂದೆ ಮಾತು ಕೊಟ್ಟಾಯಿತು, ಎಪ್ರಿಲಿನಲ್ಲಿ ಮಂಗಲ ಎಂದು.

“ಅಯ್ಯೋ, ಮೊಮ್ಮಕ್ಕಳ ಎದುರು ಮುಸುಕು ಹಾಕಿ ಕೂರುವುದಾ? ನೋಡಿದವರು ಎಂತ ಹೇಳಿಯಾರು? ನಾನೊಲ್ಲೆ,” ಎಂದಳು ಬೊಳ್ಳಮ್ಮ. ಮೂರು ಸಲ ಒಲ್ಲೆ ಎಂದಳು. ಮೂರನೆಯ ಸಲ ಬಹಳ ಮೆಲ್ಲಗೆ ಹೇಳಿದಳು, ಎಲ್ಲಿ ಯಾರಾದರೂ ಒಪ್ಪಿಬಿಟ್ಟಾರೋ ಎಂಬ ಹೆದರಿಕೆಯಲ್ಲಿ.

ಅವಳಿಗೆ ಆಸೆಯಿತ್ತು. ಯಾಕಿರಬಾರದು? ಹದಿನಾರನೆಯ ವಯಸ್ಸಿನಲ್ಲಿ ಮದುವೆಯಾದಾಗ ಹೊದಿಸಿದ್ದು ಯಾರದೋ ಪೆಟ್ಟಿಗೆಯಿಂದ ತಂದ ದಪ್ಪ ರೇಷ್ಮೆಯ ಮುಸುಕು. ಅದರೊಳಗಿಂದ ಅವಳಿಗೆ ಕಂಡದ್ದು ತನ್ನ ಕಾಲಿನ ಹತ್ತು ಬೆರಳು ಮಾತ್ರ. ಯಾರು ಬಂದರು, ಯಾರು ಹರಸಿದರು, ಯಾರು ಅತ್ತರು, ಒಂದೂ ಗೊತ್ತಾಗಲಿಲ್ಲ. ಮಾರನೆಯ ದಿನ ಆ ಮುಸುಕು ಬೇರೊಬ್ಬಳ ಮದುವೆಗೆ ಹೋಗಿಬಿಟ್ಟಿತು. ಈ ಸಲ ಹಾಗಾಗಬಾರದು, ತನ್ನದೇ ಮುಸುಕು ಬೇಕು, ಅದರೊಳಗಿಂದ ಎಲ್ಲರ ಮುಖ ಕಾಣಬೇಕು. ಇಷ್ಟನ್ನು ಗಂಡನಿಗೂ ಹೇಳದೆ ಮನಸ್ಸಿನಲ್ಲಿಟ್ಟುಕೊಂಡು, ಕಾಪಿ ಪಿಕ್ಕಿಂಗ್ ಮುಗಿದ ಮೇಲೆ ಒಂದು ದಿನ ಶ್ರೀಮಂಗಲದ ಸಣ್ಣಸ್ವಾಮಿಯ ಅಂಗಡಿಗೆ ಹೋದಳು. ಸಣ್ಣಸ್ವಾಮಿ ಹಾಸನದ ಕಡೆಯಿಂದ ಬಂದು ನೆಲೆಸಿದ ದರ್ಜಿ. ಬಟ್ಟೆಯನ್ನೂ ಮಾರುತ್ತಿದ್ದ, ಬಾಯಿಯನ್ನಂತೂ ಮುಚ್ಚುತ್ತಿರಲಿಲ್ಲ.

“ಮದ್ವೆ ಮುಸುಕಾ? ಬನ್ನಿ ಬನ್ನಿ ಅಮ್ಮಾವ್ರೇ. ಹುಡ್ಗಿ ಎಲ್ಲಿ? ಕರ್ಕೊಂಡು ಬರ್ಬೇಕಿತ್ತು, ಎತ್ತರ ನೋಡ್ಬೇಕಲ್ಲ.”

“ಹುಡುಗಿ ಇಲ್ಲೇ ನಿಂತಿದ್ದಾಳೆ. ಅಳತೆ ತಗೋ.”

ಸಣ್ಣಸ್ವಾಮಿ ಅವಳ ಹಿಂದೆ ನೋಡಿದ, ಬಾಗಿಲಾಚೆ ನೋಡಿದ. ಸಂಗತಿ ತಿಳಿದ ಮೇಲೆ ಕೈಯಲ್ಲಿದ್ದ ಟೇಪು ಕೆಳಗೆ ಹಾಕಿ ಕೈ ಮುಗಿದುಬಿಟ್ಟ. “ಹತ್ತಾ! ನಮ್ಮನೇಲಿ ಮೂರಕ್ಕೇ ನಮ್ಮವಳು ನನ್ನ ಮುಖ ನೋಡಲ್ಲ ಅಂತಾಳೆ!”

ಅವನು ಮೂರು ಬಗೆ ತೆಗೆದು ಹರಡಿದ. ಮೊದಲನೆಯದು ದಪ್ಪ ರೇಷ್ಮೆ. ಬೊಳ್ಳಮ್ಮ ತಲೆಯ ವಸ್ತ್ರ ಬಿಚ್ಚಿಟ್ಟು ಅದನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದಳು. ಕತ್ತಲೆ. ಎರಡನೆಯದು ಹೂವಿನ ಕಸೂತಿಯದು. ಹೂವು ಸರಿಯಾಗಿ ಕಣ್ಣಿನ ಮೇಲೆಯೇ ಬರುತ್ತಿತ್ತು. ಮೂರನೆಯದು ಅಂಚಿಗೆ ಸಣ್ಣ ಜರಿಯಿದ್ದ ತೆಳು ಕೆಂಪು ಬಟ್ಟೆ. ಅದರೊಳಗಿಂದ ಕ್ಯಾಲೆಂಡರಿನ ತಿಂಗಳು, ವಾರ, ತಾರೀಖು ಎಲ್ಲವನ್ನೂ ಗಟ್ಟಿಯಾಗಿ ಓದಿದಳು.

“ಅಮ್ಮಾವ್ರೇ, ಮುಸುಕು ಹಾಕೋದು ಕಾಣ್ಬಾರ್ದು ಅಂತ,” ಎಂದ ಸಣ್ಣಸ್ವಾಮಿ.

“ಅವರಿಗೆ ನಾನು ಕಾಣಬಾರದು. ನನಗೆ ಅವರು ಕಾಣಬಾರದು ಅಂತ ಯಾರು ಹೇಳಿದ್ದು? ಇದನ್ನೇ ಕಟ್ಟಿಕೊಡು.”

ಮನೆಗೆ ಬರುವ ದಾರಿಯುದ್ದಕ್ಕೂ ಪೊಟ್ಟಣವನ್ನು ಎದೆಗವಚಿಕೊಂಡಿದ್ದಳು. ಎದುರಿಗೆ ಸಿಕ್ಕಿದವರೆಲ್ಲ ಏನದು ಎಂದರು, ಸಕ್ಕರೆ ಎಂದಳು. ಇಷ್ಟು ಸಂತೋಷ ಅವಳಿಗೆ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ.

ಎಪ್ರಿಲ್ ಬಂತು. ಮಕ್ಕಳು ಒಬ್ಬೊಬ್ಬರಾಗಿ ಐನ್‌ಮನೆಗೆ ಬಂದಿಳಿದರು. ತಿತಿಮತಿಗೆ ಕೊಟ್ಟಿದ್ದ ನಾಲ್ಕನೆಯವಳು ಮುತ್ತಮ್ಮ ಎಲ್ಲರಿಗಿಂತ ಮೊದಲೇ ಬಂದು ಅಡಿಗೆಮನೆಯನ್ನು ವಶಕ್ಕೆ ತೆಗೆದುಕೊಂಡಳು. ಬಂದ ದಿನವೇ ಮುಸುಕನ್ನು ಬೆಳಕಿಗೆ ಹಿಡಿದು, “ಜರಿ ಸರಿಯಾಗಿ ಹೊಲಿದಿಲ್ಲ ಅವ್ವ, ನಾನು ಕೂರಿಸಿಕೊಡ್ತೇನೆ,” ಎಂದು ಮೂರು ಅಂಚು ಮುಗಿಸಿಯೂ ಇಟ್ಟಿದ್ದಳು. ಅವಳೂ ಅವಳಿಗಿಂತ ಮೇಲಿನ ಮೊಣ್ಣಪ್ಪನೂ ಚಿಕ್ಕಂದಿನಿಂದ ಒಂದೇ ಎತ್ತರ. ಮನೆಯಲ್ಲಿ ಇಬ್ಬರಿಗೂ ಸೇರಿ ಜೋಡಿ ಎಂದೇ ಹೆಸರು.

ಮಂಗಲದ ಹಿಂದಿನ ದಿನ ಬೆಳಿಗ್ಗೆ ಬೆಳ್ಳಿಯಪ್ಪನ ಹೆಂಡತಿ ದೇಚಮ್ಮ ಮುಸುಕು ಹೊದಿಸಿ ನೋಡಲು ಬಂದು ಕೂತರು. ಎಪ್ಪತ್ತರ ಮುದುಕಿ, ನಾಲಿಗೆ ಇಪ್ಪತ್ತರದು. ಆ ಒಕ್ಕದ ಪದ್ಧತಿಯಂತೆ ಮುಸುಕು ಹೊದೆದ ತಾಯಿ, ಹಿರಿಯರ ಆತ್ಮವಾದ ಗುರುಕಾರೋಣರ ದೀಪದ ಮುಂದೆ ನಿಂತು, ಯಾವ ಮಗುವನ್ನು ಯಾವ ಕಾಲದಲ್ಲಿ ಹೆತ್ತೆ ಎಂದು ಒಂದೊಂದಾಗಿ ಹೇಳಬೇಕಿತ್ತು. “ನಾಳೆ ತೊದಲಬೇಡ, ಈಗಲೇ ಒಂದು ಸಲ ಹೇಳಿ ನೋಡು,” ಎಂದರು ದೇಚಮ್ಮ, ಮುಸುಕನ್ನು ಅವಳ ತಲೆಗೆ ಸಿಕ್ಕಿಸುತ್ತ.

ಬೊಳ್ಳಮ್ಮ ಉತ್ಸಾಹದಿಂದ ಶುರು ಮಾಡಿದಳು. “ದೊಡ್ಡವಳು, ನಾಟಿಯ ಹೊತ್ತಿಗೆ. ಗದ್ದೆಯಿಂದ ನಡೆದು ಬಂದೇ ಹೆತ್ತೆ. ಕುಶಾಲಪ್ಪ, ಕಾಪಿ ಹೂ ಬಿಟ್ಟಾಗ, ಎರಡು ದಿನ ಸತಾಯಿಸಿದ. ಮೊಣ್ಣಪ್ಪ, ಕಕ್ಕಡದ ಮಳೆಯಲ್ಲಿ. ಮುತ್ತಮ್ಮ, ಅದೇ ವರ್ಷ ಪುತ್ತರಿ ಕಳೆದ ವಾರ...”

ಕಕ್ಕಡ ಬರುವುದು ಜುಲೈಯಲ್ಲಿ, ಪುತ್ತರಿ ಡಿಸೆಂಬರಿನಲ್ಲಿ. ಬೊಳ್ಳಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮುತ್ತಮ್ಮನ ಹೆರಿಗೆಯ ನೋವು ನೆನಪಿಗೆ ಬರಲಿಲ್ಲ. ಎಷ್ಟು ಹುಡುಕಿದರೂ ಬರಲಿಲ್ಲ.

ಅವಳು ಮುತ್ತಮ್ಮನನ್ನು ಹೆತ್ತಿರಲಿಲ್ಲ. ಹೆತ್ತವಳು ಉತ್ತಯ್ಯನ ಕಿರಿಯ ತಮ್ಮನ ಹೆಂಡತಿ, ಮೂರನೆಯ ದಿನಕ್ಕೆ ತೀರಿಕೊಂಡಿದ್ದಳು. ಮೈದುನ ಅದೇ ವರ್ಷ ಸೈನ್ಯದ ಪಟ್ಟಾಳಕ್ಕೆ ಸೇರಿ ಹೋದವನು ಮರಳಿ ಬರಲಿಲ್ಲ. ಐದು ತಿಂಗಳ ಮೊಣ್ಣಪ್ಪ ಎದೆಯಲ್ಲಿ ಹಾಲು ಕುಡಿಯುತ್ತಿದ್ದಾಗ ಇನ್ನೊಂದು ಮಗ್ಗುಲಿಗೆ ಈ ಕೂಸು ಬಂದಿತ್ತು.

ತಾಯಿಯಾದವಳು ಇದನ್ನು ಮರೆಯುತ್ತಾಳೆಯೇ ಎಂದು ನೀವು ಕೇಳಬಹುದು. ಮರೆಯುತ್ತಾಳೆ! ಮೂವತ್ತು ವರ್ಷ ತಲೆ ಬಾಚಿ, ಬೈದು, ಹೊಡೆದು, ಜ್ವರ ಬಂದಾಗ ಕಾದು ಕೂತು, ಮದುವೆ ಮಾಡಿ ಕಳಿಸಿ ಅತ್ತವಳಿಗೆ ಅದೊಂದು ಸಂಗತಿ ನೆನಪಿನಲ್ಲಿಟ್ಟುಕೊಳ್ಳಲು ಪುರುಸೊತ್ತು ಎಲ್ಲಿತ್ತು? ಆ ಕಾಲದ ಹಿರಿಯರು ಹೋಗಿಬಿಟ್ಟಿದ್ದರು, ಕಿರಿಯರಿಗೆ ತಿಳಿದಿರಲಿಲ್ಲ, ಇದ್ದವರು ಮರೆತಿದ್ದರು, ಇಲ್ಲವೇ ಬಾಯಿ ಬಿಟ್ಟಿರಲಿಲ್ಲ.

ಬೊಳ್ಳಮ್ಮ ಮುಸುಕು ತೆಗೆದು ಮಡಿಸಿದಳು. “ಅಕ್ಕ, ಒಂಬತ್ತೇ,” ಎಂದಳು.

ಜಗಲಿಯಲ್ಲಿ ಅಣ್ಣತಮ್ಮಂದಿರಿಬ್ಬರೂ ಎಲೆಯಡಿಕೆ ಹಾಕುತ್ತಿದ್ದರು. ಬೊಳ್ಳಮ್ಮ ಬಾಗಿಲ ಬಳಿ ನಿಂತು ವಿಷಯ ಹೇಳಿದಳು. ಉತ್ತಯ್ಯ, “ಎಂತ ಒಂಬತ್ತು? ಹತ್ತೇ,” ಎಂದು ಮತ್ತೆ ಬೆರಳು ಮಡಿಸತೊಡಗಿದ, ನಾಲ್ಕನೆಯ ಬೆರಳಿಗೆ ಬಂದು ನಿಂತುಬಿಟ್ಟ. ಬೆಳ್ಳಿಯಪ್ಪ ತಲೆ ಕೆರೆದುಕೊಂಡರು. ನಾಳೆ ಊರೆಲ್ಲ ಬರುತ್ತದೆ, ವಾಲಗದವರಿಗೆ ಹೇಳಿಯಾಗಿದೆ, ಮೂರು ಹಂದಿ ಕಡಿಯಲು ತಂದು ಕಟ್ಟಿದೆ.

“ನೋಡು ಬೊಳ್ಳಮ್ಮ, ಪದ್ಧತಿ ಹೆತ್ತವಳಿಗೆ. ಅದು ಹೌದು. ಆದರೆ ಯಾರಿಗೂ ಗೊತ್ತಿಲ್ಲವಲ್ಲ. ನೀನು ಸುಮ್ಮನಿದ್ದುಬಿಡು.”

“ಗುರುಕಾರೋಣರಿಗೆ ಗೊತ್ತಿಲ್ಲವಾ ಬಾವ? ಅವರ ಮುಂದೆ ಸುಳ್ಳು ಹೇಳಿ ನಾನು ಮುಸುಕು ಹೊದೆಯಲಾರೆ.”

“ಹಾಗಾದರೆ ಮಂಗಲ ನಿಲ್ಲಿಸಬೇಕು. ಜನಕ್ಕೆ ಕಾರಣ ಹೇಳಬೇಕು. ಒಂಬತ್ತೇ ಅಂತ ಹೇಳಬೇಕು.”

“ಅದನ್ನೂ ಹೇಳಲಾರೆ!” ಎಂದಳು ಬೊಳ್ಳಮ್ಮ. “ಮುತ್ತುವನ್ನ ಬಿಟ್ಟು ಎಣಿಸು ಅಂತೀರಾ? ಊರ ಎದುರು ಅವಳು ನನ್ನ ಮಗಳಲ್ಲ ಅಂತ ನನ್ನ ಬಾಯಲ್ಲೇ ಹೇಳಲಾ? ಮುಸುಕು ಹಾಳಾಗಿ ಹೋಗಲಿ, ಅವಳ ಮುಖ ಹೇಗೆ ನೋಡಲಿ ನಾನು?”

ಹೀಗೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಆಗ ಒಳಗಿಂದ ದೇಚಮ್ಮ ಸೊಂಟ ಹಿಡಿದುಕೊಂಡು ಬಂದರು.

“ನೀವು ಗಂಡಸರು ತಲೆ ಎಣಿಸುವುದು ಮಾತ್ರ ಕಲಿತಿರಿ. ನಾಳೆ ಇವಳ ಮುಂದೆ ಬಂದವರು ಏನು ಕೊಡ್ತಾರೆ?”

“ಅಕ್ಕಿ ಹಾಕಿ, ಮೂತಿಯಿರುವ ಕಿಂಡಿಚೊಂಬಿನಿಂದ ಒಂದು ಗುಟುಕು ಹಾಲು ಕುಡಿಸ್ತಾರೆ,” ಎಂದರು ಬೆಳ್ಳಿಯಪ್ಪ.

“ಹಾಲು. ಮಂಗಲ ಅಂದರೆ ಹಾಲು ಕೊಡುವುದು. ಆ ಕೂಸನ್ನ ಬಟ್ಟೆಯಲ್ಲಿ ಸುತ್ತಿ ಇವಳ ಮಡಿಲಿಗೆ ಹಾಕಿದವಳು ನಾನು. ಹೆತ್ತವಳ ಎದೆಯಲ್ಲಿ ಒಂದು ತೊಟ್ಟೂ ಇರಲಿಲ್ಲ. ಇವಳು ಮೊಣ್ಣಪ್ಪನನ್ನ ಪಕ್ಕಕ್ಕೆ ಸರಿಸಿ, ಅವನು ಕಿರುಚಿಕೊಂಡರೂ ಸರಿಸಿ, ಮೊದಲು ಅದಕ್ಕೆ ಕೊಟ್ಟಳು. ನಾನು ಕಣ್ಣಾರೆ ನೋಡಿದ್ದೇನೆ.” ಬೊಳ್ಳಮ್ಮನ ಕಡೆ ತಿರುಗಿದರು. “ಸುಳ್ಳೂ ಬೇಡ, ಮುಚ್ಚಿಡುವುದೂ ಬೇಡ. ದೀಪದ ಮುಂದೆ ಇದ್ದದ್ದನ್ನ ಇದ್ದ ಹಾಗೆ ಹೇಳು. ಎಷ್ಟು ಅಂತ ಗುರುಕಾರೋಣರೇ ಎಣಿಸಿಕೊಳ್ಳಲಿ. ಅವರಿಗೂ ಅವ್ವಂದಿರು ಇದ್ದರು.”

ಬೆಳ್ಳಿಯಪ್ಪ ಬಾಯಿಯ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದರು. ಆಮೇಲೆ, “ಹಾಗೆಯೇ ಆಗಲಿ. ಯಾರಾದರೂ ಕೇಳಿದರೆ ನಾನು ಉತ್ತರ ಹೇಳ್ತೇನೆ,” ಎಂದರು.

ಆದರೆ ಮುತ್ತಮ್ಮ? ಊರ ಎದುರು ಕೇಳುವ ಮೊದಲು ಅವಳಿಗೆ ಹೇಳಬೇಕಲ್ಲ. ಬೊಳ್ಳಮ್ಮ ತಿರುಗಿದಾಗ ಮುತ್ತಮ್ಮ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಒಳಬಾಗಿಲಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂಬುದು ಸ್ಪಷ್ಟವಿತ್ತು.

“ಮುತ್ತು, ನಿನಗೆ... ನಾನು...”

“ಗೊತ್ತುಂಟು ಅವ್ವ. ನನ್ನ ಮದುವೆಗೆ ಮೊದಲೇ ಬಲ್ಯವ್ವ ಹೇಳಿದ್ದಾರೆ,” ಎಂದು ದೊಡ್ಡಮ್ಮ ದೇಚಮ್ಮನ ಕಡೆ ತೋರಿಸಿದಳು ಮುತ್ತಮ್ಮ.

“ಹತ್ತು ವರ್ಷವಾಯ್ತಲ್ಲೇ! ನೀನು ಒಂದು ಮಾತೂ ಆಡಲಿಲ್ಲ!”

“ಹೇಳಲಿಕ್ಕೆ ಎಂತ ಉಂಟು? ಮುಸುಕು ಕೊಡಿ, ನಾಲ್ಕನೇ ಅಂಚಿನ ಜರಿ ಬಾಕಿ ಉಂಟು.”

ಅವಳು ಜಗಲಿಯ ಮೂಲೆಯಲ್ಲಿ ಕೂತು ತಲೆ ಎತ್ತದೆ ಹೊಲಿದಳು. ಬೊಳ್ಳಮ್ಮ ಎರಡು ಸಲ ಕಾಪಿ ಕೊಡುವ ನೆಪದಲ್ಲಿ ಹೋಗಿ ಮುಖ ನೋಡಿದಳು. ನೊಂದಿದ್ದಾಳೋ, ಕೋಪವೋ, ಏನೂ ತಿಳಿಯಲಿಲ್ಲ. ಆ ಹುಡುಗಿ ಚಿಕ್ಕಂದಿನಿಂದಲೂ ಹಾಗೆಯೇ, ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕುವವಳಲ್ಲ.

ಮರುದಿನ ಬೆಳಿಗ್ಗೆ ಅಂಗಳದ ತುಂಬ ಜನ. ದೇಚಮ್ಮ ಬೊಳ್ಳಮ್ಮನಿಗೆ ಕೆಂಪು ಸೀರೆ ಉಡಿಸಿ, ಮುಸುಕು ಹೊದಿಸಿ, ಮುಖದ ಮೇಲೆ ಇಳಿಬಿಟ್ಟರು. ಮೊಮ್ಮಕ್ಕಳು ಕಿಸಕ್ಕೆಂದವು. ಉತ್ತಯ್ಯ ಮದುಮಗನ ಬಿಳಿ ನಿಲುವಂಗಿ ತೊಟ್ಟು ಹುಡುಗನ ಹಾಗೆ ನಾಚುತ್ತಿದ್ದ. ತೂಗುದೀಪದ ಮುಂದೆ ನಿಂತು ಬೊಳ್ಳಮ್ಮ ಒಂದೊಂದೇ ಹೆಸರು ಹೇಳಿದಳು. ನಾಲ್ಕನೆಯದಕ್ಕೆ ಬಂದಾಗ ಸ್ವರ ನಡುಗದಂತೆ ಗಟ್ಟಿ ಹಿಡಿದು ಹೇಳಿದಳು: “ಮುತ್ತಮ್ಮ, ಪುತ್ತರಿ ಕಳೆದ ವಾರ. ನಾನು ಹೆತ್ತದ್ದಲ್ಲ, ಹಾಲು ಕೊಟ್ಟದ್ದು. ನನ್ನ ಮಗಳು.”

ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಳ್ಳಿಯಪ್ಪ ಎದ್ದು ನಿಂತು ಸುತ್ತಲೂ ಕಣ್ಣಾಡಿಸಿದರು. ಯಾರೂ ಏನೂ ಕೇಳಲಿಲ್ಲ. ಬೊಳ್ಳಮ್ಮ ಉಳಿದ ಆರು ಹೆಸರನ್ನೂ ಹೇಳಿ ಮುಗಿಸಿ ಬಂದು ಮುಕ್ಕಾಲಿಯ ಮೇಲೆ ಕೂತಳು.

ಮೊದಲು ಮಕ್ಕಳ ಸರದಿ, ಹುಟ್ಟಿದ ಕ್ರಮದಲ್ಲಿ. ದೊಡ್ಡವಳು ಬಂದಳು, ಕುಶಾಲಪ್ಪ ಬಂದ, ಮೊಣ್ಣಪ್ಪ ಬಂದು ಅಕ್ಕಿ ಹಾಕುವಾಗ ಅರ್ಧ ಅವಳ ಕಣ್ಣಿಗೇ ಹಾಕಿದ. ಅವನ ಹಿಂದೆ ಮುತ್ತಮ್ಮ ನಿಂತಿದ್ದಳು. ಮಂಡಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿದಳು. ಮುಸುಕಿನ ಅಂಚು ಎತ್ತಿ ಕಿಂಡಿಯ ಮೂತಿಯನ್ನು ತಾಯಿಯ ತುಟಿಗೆ ಹಿಡಿದಳು. ಒಂದು ಗುಟುಕು ಸಾಕು ಎಂಬುದು ಪದ್ಧತಿ. ಅವಳು ಕೈ ತೆಗೆಯಲಿಲ್ಲ. ಬೊಳ್ಳಮ್ಮ ಎರಡು ಗುಟುಕು ಕುಡಿದಳು, ಮೂರು ಕುಡಿದಳು, ಮುತ್ತಮ್ಮ ಇನ್ನೂ ಬಗ್ಗಿಸುತ್ತಲೇ ಇದ್ದಳು.

“ಸಾಕು ಮುತ್ತಕ್ಕ,” ಎಂದರು ಯಾರೋ ಪಕ್ಕದಿಂದ.

“ನೀವು ಸುಮ್ಮನಿರಿ,” ಎಂದಳು ಮುತ್ತಮ್ಮ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ತಾಯಿಗಷ್ಟೇ ಕೇಳುವಂತೆ ಬಗ್ಗಿ ಹೇಳಿದಳು: “ನಾನು ಕುಡಿದದ್ದನ್ನ ತಿರುಗಿ ಕೊಡಲಿಕ್ಕೆ ಈ ಕಿಂಡಿ ಎಲ್ಲಿ ಸಾಕು ಅವ್ವ?”

ಬೊಳ್ಳಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದು ಹಾಲು ನೆತ್ತಿಗೇರಿತು. ಕೆಮ್ಮಿದ ಕೆಮ್ಮಿಗೆ ಹಾಲೆಲ್ಲ ಹೊಸ ಮುಸುಕಿನ ಮೇಲೆ ಚೆಲ್ಲಿತು, ಅವಳು ಒರೆಸಿಕೊಳ್ಳಲೂ ಇಲ್ಲ. ಹಿಂದೆ ನಿಂತಿದ್ದ ಐದನೆಯವನು, ನಮ್ಮ ಸರದಿ ಯಾವಾಗ ಬರುತ್ತದೆ ಎಂದು ಗೊಣಗಿದ.