ಹೆಣದ ಪಾಲಿನ ಹುಗ್ಗಿ

“ಉಸಿರು ಬಿಗಿ ಹಿಡೀಲೇ, ಬೋಳಿಮಗನೆ! ಹೆಣ ಎಲ್ಲಾದ್ರೂ ಹೊಟ್ಟಿ ಏರಿಳಿಸ್ತತೇನಲೇ?”

ಮಠದ ಪಾರುಪತ್ತೇಗಾರ ಗುರುಮಲ್ಲಪ್ಪ ಬೈದದ್ದು ಲೋಕಪ್ಪನನ್ನು. ಲೋಕಪ್ಪ ಮಠದ ಕೊಟ್ಟಿಗೆಯಲ್ಲಿ ಚಕ್ಕಂಬಟ್ಟೆ ಹಾಕಿ ಕೂತು ಹೆಣವಾಗುವುದನ್ನು ಕಲಿಯುತ್ತಿದ್ದ. ಮೈತುಂಬ ವಿಭೂತಿ ಬಳಿದುಕೊಂಡಿದ್ದ. ಮೂಗಿನ ತುದಿ ಕಡಿಯುತ್ತಿತ್ತು, ಕೆರೆದುಕೊಳ್ಳುವಂತಿರಲಿಲ್ಲ.

“ಉಸಿರು ಬಿಡ್ದಿದ್ರೆ ಖರೇವಂದ್ರೂ ಸಾಯ್ತೀನಲ್ರೀ ಗೌಡ್ರೆ.”

“ಸಾಯಿ. ಗುಂಡಿ ಹೆಂಗೂ ನೀನೇ ತೋಡಿ ಇಟ್ಟೀಯಲ್ಲ.”

ಬಳ್ಳಿಗಾವಿಯಿಂದ ಶಿರಾಳಕೊಪ್ಪದ ಕಡೆ ಹೋಗುವ ದಾರಿಯಲ್ಲಿದ್ದ ಆ ಮಠ ಹರೆಯದ ಜಂಗಮರಿಗೆ ಪೌರೋಹಿತ್ಯ ಕಲಿಸುತ್ತಿತ್ತು. ಶಿವಭಕ್ತರಲ್ಲಿ ಕುಲವಿಲ್ಲ ಎಂಬ ಪಾಠ ಬೆಳಿಗ್ಗೆ ನಡೆಯುತ್ತಿತ್ತು. ಮಾದಿಗರ ಕೇರಿಯ ಲೋಕಪ್ಪ ಅದನ್ನು ಸಗಣಿ ಬಾಚುತ್ತ ಗೋಡೆಯಾಚೆಯಿಂದ ಕೇಳಿದ್ದ. ಸುತ್ತಲಿನ ಭಕ್ತರು ಸತ್ತರೆ ಅವರನ್ನು ಕೂರಿಸಿ ಹೂಳುವ ಸಮಾಧಿಯ ಗುಂಡಿ ತೋಡುವವನು ಅವನೇ. ತೋಡಿ, ಹೆಣ ಬರುವ ಮುಂಚೆ ದೂರ ಸರಿಯಬೇಕು. ಅದಕ್ಕೆ ಕೂಲಿ, ದಾಸೋಹದಲ್ಲಿ ಉಳಿದದ್ದು. ಹೊತ್ತಿಳಿದ ಮೇಲೆ ಹಿತ್ತಲ ಗೋಡೆಯ ಮೇಲೆ ಇಡುತ್ತಿದ್ದರು. ಬಿಸಿ ಹುಗ್ಗಿ ಹೇಗಿರುತ್ತದೆಂದು ಅವನ ಮೂಗಿಗೆ ಗೊತ್ತಿತ್ತು, ನಾಲಗೆಗೆ ಗೊತ್ತಿರಲಿಲ್ಲ.

ಈ ಸಲ ಅಂತ್ಯಸಂಸ್ಕಾರದ ಪರೀಕ್ಷೆ. ಪರೀಕ್ಷಿಸಲು ಗದಗಿನ ಕಡೆಯಿಂದ ಹಿರಿಯ ಸ್ವಾಮಿಗಳು ಬಂದಿದ್ದರು. ಹೆಣದ ಬದಲು ಕೂರಿಸಲು ಕಟ್ಟಿದ್ದ ಹುಲ್ಲಿನ ಬೊಂಬೆಯನ್ನು ಮಠದ ಬಸವ ಹಿಂದಿನ ದಿನವೇ ತಿಂದು ಮುಗಿಸಿತ್ತು. ಹೆಣವಾಗಿ ಕೂತರೆ ಆಯಸ್ಸು ಕಡಿಮೆಯಾಗುತ್ತದೆಂದು ವಿದ್ಯಾರ್ಥಿಗಳೆಲ್ಲ ಹಿಂದೆ ಸರಿದರು. ಆಗ ಪಾಠ ಹೇಳುವ ಶಾಸ್ತ್ರಿಗಳಿಗೆ ಲೋಕಪ್ಪನ ನೆನಪಾಯಿತು.

“ಹೆಣಕ್ಕೆ ಎಂಥ ಜಾತಿ ಗುರುಮಲ್ಲಪ್ಪ? ಬೂದಿ ಬಳಿದರೆ ಎಲ್ಲ ಒಂದೇ, ಹೊರುವ ಹುಡುಗರಿಗೂ ಗುರುತು ಸಿಗದು. ಆ ಸ್ವಾಮಿಗಳಿಗೇನು ಊರವರ ಮುಖ ಪರಿಚಯವೇ?”

ಲೋಕಪ್ಪ ಒಂದೇ ಕರಾರು ಹಾಕಿದ್ದ: “ಬಿಸಿ ಹುಗ್ಗಿ ಕೊಡ್ಬೇಕು. ಎಲಿ ಮ್ಯಾಲೆ. ಗ್ವಾಡಿ ಮ್ಯಾಲಲ್ಲ.”

“ಆತು ಬಿಡಲೇ,” ಎಂದಿದ್ದ ಗುರುಮಲ್ಲಪ್ಪ.

ಸುದ್ದಿ ಕೇಳಿ ಹೆಂಡತಿ ಸುಂಕಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ಬದುಕಿದ್ದಾಗ ಹೊಸ್ಲಿಗೆ ಬಿಡದೋರು ಹೆಣ ಆದ್ರೆ ಹೊತ್ಕಂಡು ಹೋಗ್ತಾರಂತ! ಹೋಗು, ಸತ್ತು ಬಾ. ಬರಬೇಕಾದ್ರೆ ಹುಗ್ಗಿ ನನಗೀಟು ತಾ.”

ಹೊತ್ತುಕೊಂಡೇ ಹೋದರು. ಹೆಣ ಹೊರುವ ಬಿದಿರಿನ ವಿಮಾನದಲ್ಲಿ ಕೂರಿಸಿ, ಹೂ ಹಾಕಿ, ನಾಲ್ವರು ಹೆಗಲು ಕೊಟ್ಟು ತಲೆಬಾಗಿಲಿನಿಂದ ಒಳಗೆ ತಂದರು. ಲೋಕಪ್ಪ ಎವೆಯ ಸಂದಿಯಿಂದ ನೋಡಿದ. ಒಳಗಿನ ನೆಲವೂ ನೆಲದ ಹಾಗೇ ಇತ್ತು.

ಚನ್ನವೀರಯ್ಯನೆಂಬ ವಿದ್ಯಾರ್ಥಿ ಗಂಟೆ ಬಾರಿಸಿ, ವಿಧಿಯಂತೆ ಹೆಣದ ತಲೆಯ ಮೇಲೆ ಪಾದ ಇಟ್ಟ. ಪಾದ ಗಡಗಡ ನಡುಗುತ್ತಿತ್ತು. ಪಾಪ, ಪರೀಕ್ಷೆಯ ಭಯ ಎಂದುಕೊಂಡಿತು ಹೆಣ.

“ಲಿಂಗ ಎಲ್ಲಿದೆ?” ಎಂದರು ಹಿರಿಯ ಸ್ವಾಮಿಗಳು.

ಹೆಣದ ಕೊರಳು ಬರಿದಾಗಿತ್ತು. ಅದು ಯಾರಿಗೂ ಹೊಳೆದಿರಲಿಲ್ಲ.

“ಮೈಮೇಲೆ ಲಿಂಗವಿಲ್ಲದಿದ್ದರೆ ಏನು ಮಾಡಬೇಕು?”

“ಮೊದಲು ಲಿಂಗ ಕಟ್ಟಬೇಕು, ಗುರುಗಳೇ!”

“ಕಟ್ಟು, ನೋಡೋಣ.”

ಶಾಸ್ತ್ರಿಗಳು ಕೆಮ್ಮಿದರು. ಗುರುಮಲ್ಲಪ್ಪನೂ ಕೆಮ್ಮಿದ. ಚನ್ನವೀರಯ್ಯ ಅದನ್ನು ಶಾಬಾಸ್‌ಗಿರಿ ಎಂದು ತಿಳಿದು ತಟ್ಟೆಯಿಂದ ಹೊಸ ಲಿಂಗ ತೆಗೆದು ಕಟ್ಟಿದ. ಬಗ್ಗಿ ಕಿವಿಯಲ್ಲಿ ಮಂತ್ರ ಹೇಳಿದ. ಲೋಕಪ್ಪನಿಗೆ ಕಚಗುಳಿಯಾಯಿತು. ಹಲ್ಲು ಕಚ್ಚಿ ಹೆಣವಾಗಿಯೇ ಉಳಿದ. ಹಿರಿಯ ಸ್ವಾಮಿಗಳು ತಾವೇ ಎದ್ದುಬಂದು ಅವನ ಹಣೆಯ ವಿಭೂತಿ ಸರಿಪಡಿಸಿದರು.

“ಕಟ್ಟಿದ ಲಿಂಗವನ್ನು ಯಾವಾಗ ತೆಗೆಯಬೇಕು?”

“ತೆಗೆಯೋ ಹಾಗೇ ಇಲ್ಲ, ಗುರುಗಳೇ. ಗುಂಡಿಯೊಳಗೂ ಜೊತೆಗೇ ಹೋಗಬೇಕು.”

“ಭೇಷ್. ಪಾಸು.”

ಲೋಕಪ್ಪನನ್ನು ಕೊಟ್ಟಿಗೆಯಲ್ಲಿ ಇಳಿಸಿ ವಿದ್ಯಾರ್ಥಿಗಳು ಊಟಕ್ಕೆ ಓಡಿದರು. ಗುರುಮಲ್ಲಪ್ಪ ಧುಮುಗುಟ್ಟುತ್ತ ಬಂದ. ಹಿಂದೆ ಶಾಸ್ತ್ರಿಗಳು.

“ಬಿಚ್ಚಲೇ ಅದನ್ನ! ಬಿಚ್ಚಿ ನೆಲದ ಮ್ಯಾಲಿಟ್ಟು ಕೇರಿಗೆ ನಡಿ.”

“ಹುಗ್ಗಿ?”

“ಸಂಜೀಗೆ ಗ್ವಾಡಿ ಮ್ಯಾಲಿರ್ತತಿ.”

“ಗ್ವಾಡಿ ಮ್ಯಾಲಲ್ಲ ಅಂದಿದ್ದೆನಲ್ರೀ.”

“ಲೋಕಪ್ಪ, ಅದು ಅಭ್ಯಾಸಕ್ಕೆ ಕಟ್ಟಿದ ಲಿಂಗ ಕಣಯ್ಯ,” ಎಂದರು ಶಾಸ್ತ್ರಿಗಳು ಮೆತ್ತಗೆ.

“ಕಿವಿಯಾಗೆ ಹೇಳಿದ್ದೂ ಅಭ್ಯಾಸಕ್ಕೇನ್ರೀ ಬುದ್ಧಿ? ಗುಂಡಿಯಾಗೂ ತೆಗಿಯಂಗಿಲ್ಲ ಅಂದ್ರಲ್ಲ. ನಾನಿನ್ನೂ ಗುಂಡೀಗೇ ಹೋಗಿಲ್ಲ.”

ಗುರುಮಲ್ಲಪ್ಪ ಹೊಡೆಯಲು ಕೈ ಎತ್ತಿದ. ಹೊಡೆದರೆ ಮುಟ್ಟಿದಂತೆ, ಮುಟ್ಟಿದರೆ ಊಟದ ಹೊತ್ತಿಗೆ ಸ್ನಾನ. ಎತ್ತಿದ ಕೈ ಹಾಗೇ ನಿಂತಿತು. ಅಷ್ಟರಲ್ಲಿ ದಾಸೋಹದ ಗಂಟೆ ಬಾರಿಸಿದರು. ಲೋಕಪ್ಪ ಆ ಕೈಯ ಅಡಿಯಲ್ಲೇ ನುಸುಳಿ, ತನ್ನನ್ನು ಹೊತ್ತು ತಂದಿದ್ದ ತಲೆಬಾಗಿಲಿನಿಂದಲೇ ಈ ಸಲ ಕಾಲ್ನಡಿಗೆಯಲ್ಲಿ ಒಳಗೆ ಹೋದ.

ಸಾಲಿನ ಕೊನೆಯಲ್ಲಿ ಚನ್ನವೀರಯ್ಯನ ಪಕ್ಕ ಕೂತ. ಚಕ್ಕಂಬಟ್ಟೆ, ಅಂಗೈಯಲ್ಲಿ ಲಿಂಗ, ಅರೆಮುಚ್ಚಿದ ಕಣ್ಣು, ಎಲ್ಲ ಕಲಿಸಿದ ಹಾಗೆಯೇ. ಬಡಿಸುವವನು ವಿಭೂತಿ ನೋಡಿ ಎಲೆ ಹಾಕಿದ. ಗೋಧಿ ಹುಗ್ಗಿ ಬಿತ್ತು. ಹಬೆ ಮುಖಕ್ಕೆ ಹೊಡೆಯಿತು. ಲೋಕಪ್ಪ ಬಾಯಿಗಿಟ್ಟ. ನಾಲಗೆ ಚುರ್ರೆಂದಿತು. ಇಷ್ಟು ಸುಡುತ್ತದೆಂದು ಮೂಗು ಹೇಳಿರಲಿಲ್ಲ.

“ಏಳಲೇ ಮ್ಯಾಲೆ!” ಗುರುಮಲ್ಲಪ್ಪ ಓಡಿಬಂದ.

“ಹೆಣ ಏಳ್ತತೇನ್ರೀ ಗೌಡ್ರೆ? ನೀವೇ ಕಲ್ಸೀರಲ್ಲ.”

“ಯಾರದು? ಏನು ಗಲಾಟೆ?” ಸಾಲಿನ ಮೇಲ್ತುದಿಯಿಂದ ಹಿರಿಯ ಸ್ವಾಮಿಗಳ ದನಿ.

ಗುರುಮಲ್ಲಪ್ಪನಿಗೆ ತಡೆಯಲಾಗಲಿಲ್ಲ. “ಮಾದಿಗರೋನು, ಗುರುಗಳೇ!”

ತುತ್ತುಗಳು ಅಲ್ಲಲ್ಲೇ ನಿಂತವು. ಹೊತ್ತು ತಂದ ನಾಲ್ವರು ತಮ್ಮ ಹೆಗಲು ನೋಡಿಕೊಂಡರು. ಚನ್ನವೀರಯ್ಯ ಪಾದ ಒಳಗೆಳೆದುಕೊಂಡ. ಹಿರಿಯ ಸ್ವಾಮಿಗಳು ಲೋಕಪ್ಪನ ಹಣೆಯನ್ನು ನೋಡಿದರು, ಆಮೇಲೆ ತಮ್ಮ ಬೆರಳನ್ನು. ಎದ್ದು ಹೋಗಲಿಲ್ಲ. ಸಾಲಿನಲ್ಲಿ ಕಡೆಯವನ ಊಟ ಮುಗಿಯುವ ತನಕ ಯಾರೂ ಏಳಬಾರದೆಂಬುದು ದಾಸೋಹದ ಕಟ್ಟಳೆ.

ಇಬ್ಬರು ಆಳುಗಳು ದೊಣ್ಣೆ ಹಿಡಿದು ಹೊಸ್ತಿಲ ಒಳಗೆ ನಿಂತರು. ಸಾಲು ಏಳುವುದನ್ನು ಕಾಯಬೇಕಾಗಿತ್ತು. ಹೊರಗಿನವರಿಗೆ ಕಾಣದಿರಲೆಂದು ಗುರುಮಲ್ಲಪ್ಪ ಬಾಗಿಲು ಮುಚ್ಚಿಸಿದ. ಅದರ ಹಿಂಬದಿಗೆ, ತೆರೆದಾಗ ಕಾಣದ ಹಾಗೆ, ಸರ್ಕಾರದವರು ಕೊಟ್ಟ ತಗಡಿನ ಫಲಕಕ್ಕೆ ಮೊಳೆ ಹೊಡೆದಿದ್ದರು: ‘ಅಸ್ಪೃಶ್ಯತೆ ಆಚರಣೆ ಅಪರಾಧ’. ಈಗ ಸಾಲಿಗೆಲ್ಲ ಎದುರಾಗಿ ಕಂಡಿತು. ಲೋಕಪ್ಪನಿಗೆ ಓದಲು ಬರುತ್ತಿರಲಿಲ್ಲ. ಅವನು ದೊಣ್ಣೆ ನೋಡಿದ, ಎಲೆ ನೋಡಿದ. ಎಲೆಯ ಅಂಚನ್ನು ಚೂರು ಹರಿದು, ಸುಂಕಲಮ್ಮನಿಗೆಂದು ಒಂದು ಮುಷ್ಟಿ ಕಟ್ಟಿ ಮಡಿಲಲ್ಲಿಟ್ಟುಕೊಂಡ. ಉಳಿದದ್ದನ್ನು ಊದಿ ಊದಿ, ಅವಸರವಿಲ್ಲದೆ ಉಣ್ಣತೊಡಗಿದ. ಇಡೀ ಸಾಲಿನಲ್ಲಿ ಅಲ್ಲಾಡುತ್ತಿದ್ದದ್ದು ಅದೊಂದೇ ಬಾಯಿ.

ಎಲೆ ಬರಿದಾಗುವ ಹೊತ್ತಿಗೆ ತಲೆ ಎತ್ತಿದ.

“ಅಣ್ಣಾ, ಇನ್ನೊಂದೀಟು ನೀಡು. ತುಪ್ಪನೂ ತಾ.”