ಹಗೇವಿನ ರಾಗಿ

ವೆಂಕಟರಮಣಪ್ಪ ಬಾಯಿ ತೆರೆದರೆ ಊರಿಗೆ ಊರೇ ಕಿವಿಗೊಡುತ್ತಿತ್ತು. ಅಂಚೆಟ್ಟಿ ಕಡೆಯ ಆ ಗುಡ್ಡದ ಊರಿನಲ್ಲಿ, ಎಂಬತ್ತೆರಡನೇ ಇಸವಿಯಲ್ಲಿ, ಬೀಜದ ಸಂಘ ಕಟ್ಟಿದವನೇ ಅವನು. ಪೇಟೆಯಿಂದ ತರುವ ಬಿತ್ತನೆ ರಾಗಿ ಆ ಕಲ್ಲುನೆಲಕ್ಕೆ ಒಗ್ಗುತ್ತಿರಲಿಲ್ಲ.

"ನಮ್ ಬೀಜ ನಮ್ಮೂರಾಗೇ ಇರ್ಬೇಕು ಕಣ್ರಪ್ಪಾ," ಎಂದು ಹುಣಸೆಮರದ ಕಟ್ಟೆಯ ಮೇಲೆ ನಿಂತು ಹೇಳಿದ್ದ. ಸುಗ್ಗಿಯಲ್ಲಿ ಮನೆಗೊಂದು ಗಡಿಗೆ. ಒಳ್ಳೆಯ ತೆನೆ ಆರಿಸಿ, ಬಡಿದು, ಬೂದಿ ಬೆರೆಸಿ, ಬಾಯಿಗೆ ಸಗಣಿ ಮೆತ್ತಿ ಭಜನೆಮನೆಯಲ್ಲಿ ಇಡಬೇಕು. ಬೀಜ ಇಲ್ಲದವರು ಮುಂಗಾರಿಗೆ ಒಂದು ಒಯ್ದು, ಬೆಳೆದ ಮೇಲೆ ಎರಡು ತಂದಿಡಬೇಕು. ಗಡಿಗೆಯ ಮೇಲೆ ಯಾರ ಹೆಸರೂ ಇರಕೂಡದು. ಆ ಕಟ್ಟಳೆಯೂ ಅವನದೇ. "ಹೆಸ್ರು ಬರುದ್ರೆ ದೊಡ್ಡೋರ ಗಡಿಗೆ, ಬಡವ್ರ ಗಡಿಗೆ ಅಂತ ಆಯ್ತದೆ," ಎಂದಿದ್ದ. ಜನ ಹೌದೆಂದು ತಲೆಯಾಡಿಸಿದ್ದರು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ತನ್ನ ಗಡಿಗೆ ತುಂಬಿಸುವ ದಿನ ಆರಿಸಿದ ರಾಗಿಯನ್ನು ಅಂಗೈಯಲ್ಲಿ ಹಿಡಿದ ವೆಂಕಟರಮಣಪ್ಪನಿಗೆ ಕೊಡಲು ಮನಸ್ಸೇ ಬರಲಿಲ್ಲ. ಅಂಥ ಕೆಂಪು, ಅಂಥ ತೂಕ. ಅದನ್ನು ತನ್ನ ಹೊಲಕ್ಕೆಂದು ಎತ್ತಿಟ್ಟ. ಆ ವಾರವೇ ಹಿತ್ತಲ ಹಗೇವು ತೆಗೆದಿದ್ದರು. ಮೂರು ವರ್ಷ ನೆಲದೊಳಗಿನ ಆ ಗುಳಿಯಲ್ಲಿ ಮುಚ್ಚಿಟ್ಟಿದ್ದ ರಾಗಿ ನೋಡಲು ಬೀಜದ ರಾಗಿಯ ಹಾಗೆಯೇ ಇತ್ತು. ಅಂಚು ಮುಕ್ಕಾದ ತನ್ನ ಗಡಿಗೆಗೆ ಅದನ್ನೇ ಸುರಿದ.

"ಹಗೇವಿನ ರಾಗಿ ಮುದ್ದೆಗಾಯ್ತದೆ, ಮೊಳ್ಕೆಗಾಯ್ತದಾ?" ಎಂದಳು ಹೆಂಡತಿ ಮಂಗಮ್ಮ.

"ಬೇಕಾದಷ್ಟು ಗಡಿಗೆ ಅವೆ ಬಿಡೇ. ಇದುನ್ನ ಯಾರು ಒಯ್ತಾರೆ? ಬರೋ ವರ್ಷ ಬದ್ಲಾಯ್ಸಿದ್ರಾಯ್ತು."

ಒಯ್ದವಳು ಅಕ್ಕಯಮ್ಮ. ಗಂಡ ಸತ್ತು ಎರಡು ವರ್ಷ, ದಿಣ್ಣೆಯ ಮೇಲೆ ಒಂದೇ ತುಂಡು ಹೊಲ, ಮನೆಯಲ್ಲಿ ಎಳೆಯ ಮೊಮ್ಮಗು. ಆರಿದ್ರಾ ಮಳೆಯ ಮುಂಚೆ ಭಜನೆಮನೆಯ ಬಾಗಿಲು ತೆರೆದಾಗ ಅವಳು ಬಗ್ಗಿ ಎತ್ತಿಕೊಂಡಿದ್ದು ಅಂಚು ಮುಕ್ಕಾದ ಗಡಿಗೆ. ಬಾಗಿಲಲ್ಲೇ ನಿಂತಿದ್ದ ವೆಂಕಟರಮಣಪ್ಪನಿಗೆ ತನ್ನ ಗಡಿಗೆಯ ಗುರುತು ಸಿಕ್ಕಿತು. ತಡೆಯಲೆಂದು ಒಂದು ಹೆಜ್ಜೆ ಮುಂದಿಟ್ಟ. ಸುತ್ತ ಇಪ್ಪತ್ತು ಜನ. ಸಂಜೆ ಅವಳ ಮನೆಗೆ ಹೋಗಿ ಬದಲಾಯಿಸಿ ಬಂದರಾಯಿತು ಎಂದುಕೊಂಡು ದಾರಿ ಬಿಟ್ಟ. ಅವಳು ಅವನಿಗೂ ಕೈಮುಗಿದು ಹೋದಳು.

ಸಂಜೆ ಮಳೆ ಹೊಡೆಯಿತು. ಬದು ಒಡೆದೀತೆಂದು ತನ್ನ ಹೊಲಕ್ಕೆ ಓಡಿದ. ಮರುದಿನ ದಿಣ್ಣೆ ಹತ್ತುವಷ್ಟರಲ್ಲಿ ಅಕ್ಕಯಮ್ಮ ಬಿತ್ತಿ ಮುಗಿಸಿ, ಖಾಲಿ ಗಡಿಗೆ ಬೋರಲು ಹಾಕಿದ್ದಳು.

ಎಂಟು ದಿನಕ್ಕೆ ಎಲ್ಲರ ಹೊಲವೂ ಹಸಿರಾಯಿತು, ಅವಳದು ಮಾತ್ರ ಬರೀ ಮಣ್ಣು. ಹದಿನೈದು ದಿನವಾದರೂ ಹಾಗೇ. ವೆಂಕಟರಮಣಪ್ಪ ದಿಣ್ಣೆಯ ದಾರಿ ಬಿಟ್ಟು ಹಳ್ಳ ಬಳಸಿ ಓಡಾಡತೊಡಗಿದ. ಊರಿನವರ ಬಾಯಿಗೆ ಬೀಗವುಂಟೆ? ಕೈಗುಣ ಅಂದರು. ಗಂಡ ಸತ್ತವಳು ಬೀಜಕ್ಕೆ ಕೈ ಹಾಕಬಾರದಿತ್ತು ಅಂದರು. ವೆಂಕಟರಮಣಪ್ಪ ಎಲ್ಲ ಕೇಳಿಸಿಕೊಂಡ. ಆದರೂ ಬಾಯಿ ಬಿಡಲಿಲ್ಲ.

ಬಿತ್ತಿ ತಿಂಗಳಾದ ಮೇಲೆ ಸಂಘ ಸೇರಿದ ದಿನ ಹಿರಿಯ ಸೊಣ್ಣಪ್ಪ ಮಾತೆತ್ತಿದ. "ತಪ್ಪು ತಿಳ್ಕಬೇಡ ಅಕ್ಕಯಮ್ಮ. ಇನ್ಮ್ಯಾಕೆ ನೀನು ಗಡಿಗೆ ಮುಟ್ಟೋದು ಬ್ಯಾಡ. ನಿನ್ ಹೊಲಾನ ಬೇರೆಯೋರು ಬಿತ್ತಿ ಕೊಡ್ತಾರೆ."

ಜಗಳ ಮಾಡುತ್ತಾಳೆ ಎಂದು ವೆಂಕಟರಮಣಪ್ಪ ಕಾದ. ಮಾಡಲಿ ಎಂದು ಹಾರೈಸಿದ. ಅವಳು ಎದ್ದು ನಿಂತು ಸೆರಗಿನೊಳಗೆ ಕೈ ಮುಚ್ಚಿಕೊಂಡಳು.

"ಆಗ್ಲಿ ಕಣಪ್ಪ. ನನ್ ಕೈಯೇ ಸರಿ ಇಲ್ಲ. ಊರ ಬೀಜ ಯಾಕೆ ಕೆಡ್ಬೇಕು."

ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದವನಿಗೆ ಇನ್ನು ಕೂರಲಾಗಲಿಲ್ಲ.

"ಅದು ಹಗೇವಿನ ರಾಗಿ," ಎಂದ. "ಅಂಚು ಮುಕ್ಕಾಗಿದ್ದ ಗಡಿಗೆ ನಂದು. ಒಳ್ಳೇದು ನಾನಿಟ್ಕಂಡು ಸತ್ತ ಬೀಜ ತಂದಿಟ್ಟೆ. ಅಕ್ಕಯಮ್ಮನ ಕೈದೇನೂ ತಪ್ಪಿಲ್ಲ."

ಸೊಣ್ಣಪ್ಪ ಮುಖ ಆಚೆ ತಿರುಗಿಸಿದ. ಅಕ್ಕಯಮ್ಮ ನಿಧಾನವಾಗಿ ಕೇಳಿದಳು:

"ನಾನು ಗಡಿಗೆ ಎತ್ಕಂಡಾಗ ನೀನು ಬಾಗ್ಲಾಗೇ ಇದ್ಯಲ್ಲಣ್ಣ?"

"ಇದ್ದೆ."

"ಗುರ್ತು ಸಿಕ್ಕಿತ್ತಾ?"

"ಸಿಕ್ಕಿತ್ತು."

"ನಿನ್ ಹೊಲದಾಗೆ ಪೈರು ನೆಟ್ಟುಕೊಡ್ತೀನಿ ತಾಯಿ, ನಾಳೇನೇ ನನ್ ಹೊಲದಿಂದ ಕಿತ್ತು ತತ್ತೀನಿ," ಎನ್ನಬೇಕೆಂದಿದ್ದ. ನಾಚಿ ಮತ್ತೆ ಕೂತುಬಿಟ್ಟ.

ಅವಳು ಸೆರಗಿನಿಂದ ಕೈಗಳನ್ನು ಹೊರತೆಗೆದು ನೋಡಿಕೊಂಡಳು.

"ಹದಿನೈದು ದಿನ ಆಯ್ತು ಕಣಣ್ಣ, ಈ ಕೈ ಸೋಕಿ ಏನಾದ್ರೂ ಆದಾತು ಅಂತ ನನ್ ಮೊಮ್ಮಗೂನ ಎತ್ಕಂಡಿಲ್ಲ ನಾನು."

ಆಮೇಲೆ ಯಾರ ಕಡೆಗೂ ನೋಡದೆ ಮನೆಯ ಕಡೆಗೆ ಹೊರಟಳು. ಮೊದಲು ನಡೆದಳು, ಹುಣಸೆಮರ ದಾಟಿದ ಮೇಲೆ ಓಡಿದಳು.